ರುಚಿ ನೋಡಿದವರ ಸಹಿ

"ಹಾಲು ವಾಸನಿ ಬಂದದೇನು ನೋಡ್ರಿ ಸ್ವಲ್ಪ" ಎಂದು ಮನೀಷಾ ಪಾತೇಲಿಯನ್ನು ಮೂಗಿನ ಹತ್ತಿರ ಹಿಡಿದಾಗ ಕೈಲಾಸ ಹಾಲನ್ನು ನೋಡಲಿಲ್ಲ, ಹೆಂಡತಿಯ ಮುಖವನ್ನು ನೋಡಿದ. ಅವಳ ಮೂಗಿನ ಎಡಬದಿ ಎಳ್ಳುಕಾಳಿನಷ್ಟು ಮೇಲೆ ಸರಿದಿತ್ತು, ತುಟಿ ಬಿಗಿದಿತ್ತು. ಅವನಿಗೆ ಅಷ್ಟು ಸಾಕಾಯಿತು. ತಾನೂ ಮೂಗು ಮುರಿದು, "ಹುಳಿ ಬಂದದ, ಚೆಲ್ಲಿಬಿಡು" ಎಂದ. ಅವಳು ಚೆಲ್ಲಲು ಹೋಗದೆ ಒಂದು ಗಳಿಗೆ ಹಾಗೇ ನಿಂತಳು. ಆ ಒಂದು ಗಳಿಗೆಯಲ್ಲಿ ಕೈಲಾಸನ ಬೆನ್ನಿನ ಮೇಲೆ ಬೆವರೊಡೆಯಿತು. ನಲವತ್ತಾರು ವರ್ಷದ ಗಂಡಸು, ಹತ್ತೊಂಬತ್ತು ವರ್ಷ ಪಾಠ ಹೇಳಿದ ಮಾಸ್ತರ, ಒಂದು ಪಾತೇಲಿ ಹಾಲಿನ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವುದೆಂದರೆ ನಾಚಿಕೆಗೇಡು. ಆದರೆ ನಾಲ್ಕು ವರ್ಷದಿಂದ ಅವನು ಹೀಗೇ ನಿಲ್ಲುತ್ತಿದ್ದ. ಕರೋನಾದ ಎರಡನೆಯ ವರ್ಷ ಹನ್ನೆರಡು ದಿನ ಮಲಗಿ ಎದ್ದಾಗ ಮೂಗೂ ಹೋಗಿತ್ತು, ನಾಲಿಗೆಯೂ ಹೋಗಿತ್ತು. ಮೂರು ತಿಂಗಳಲ್ಲಿ ಬರುತ್ತದೆ ಎಂದಿದ್ದರು ಡಾಕ್ಟರು. ಮೂರು ತಿಂಗಳಾದ ದಿನ ಮನೀಷಾ ಶೇಂಗಾ ಹೋಳಿಗೆ ಮಾಡಿ ಎದುರಿಗೆ ಕೂತು, "ಈಗ ತಿಳೀತದ ಅಲ್ರಿ?" ಎಂದು ಎಷ್ಟು ಆಸೆಯಿಂದ ಕೇಳಿದಳೆಂದರೆ, ಬಾಯಲ್ಲಿ ಬಿಸಿ ಮಣ್ಣಿನ ಹಾಗೆ ಹೊರಳುತ್ತಿದ್ದ ತುತ್ತನ್ನು ನುಂಗಿ, "ತಿಳೀತದ, ಯಾಲಕ್ಕಿ ಭಾಳ ಬಿದ್ದದ" ಎಂದುಬಿಟ್ಟ. ಒಂದು ಸುಳ್ಳಿಗೆ ಒಂದು ಊಟ ಸಾಲುವುದಿಲ್ಲ. ಅಂದಿನಿಂದ ದಿನಕ್ಕೆ ಎರಡು ಸಲ ಅದಕ್ಕೆ ಉಣಿಸಬೇಕಾಯಿತು.

ಹಾಲು ಮೋರಿಗೆ ಹೋಯಿತು. "ಚೌಕಶಿ ಎಷ್ಟಕ್ಕದರಿ?" ಎಂದು ಅವಳು ಒಳಗಿನಿಂದಲೇ ಕೇಳಿದಳು. ವಿಚಾರಣೆ ಹನ್ನೊಂದೂವರೆಗೆ, ಅಕ್ಕಲಕೋಟೆಯ ಶಿಕ್ಷಣ ಕಚೇರಿಯಲ್ಲಿ, ಎಂದು ಹೇಳಿ ಅವನು ಬ್ಯಾಗಿನೊಳಗೆ ಮತ್ತೆ ಕೈಹಾಕಿ ಮುಟ್ಟಿ ನೋಡಿದ. ಕೆಂಪು ರಟ್ಟಿನ ವಹಿ ಇತ್ತು. ಅದು ಎಲ್ಲಿ ಹೋದೀತು? ಹೋಗಿದ್ದರೆ ಒಳ್ಳೆಯದಿತ್ತು. ಅದರ ಪ್ರತಿ ಪುಟದಲ್ಲೂ ನಾಲ್ಕು ಅಂಕಣ: ದಿನಾಂಕ, ಪದಾರ್ಥ, ರುಚಿ ಹೇಗಿದೆ, ರುಚಿ ನೋಡಿದವರ ಸಹಿ. ಶಾಲೆಯಲ್ಲಿ ಬೇಯಿಸಿದ ಅನ್ನ ಮಕ್ಕಳ ತಾಟಿಗೆ ಬೀಳುವ ಅರ್ಧ ತಾಸು ಮೊದಲು ಮುಖ್ಯ ಮಾಸ್ತರ ತಾನು ಉಂಡು ನೋಡಬೇಕು, ಬರೆಯಬೇಕು, ಸಹಿ ಮಾಡಬೇಕು. ಅದು ಸರಕಾರದ ಕಟ್ಟಳೆ. ಗಡಿಯಾಚೆ ಮರಾಠಿ ನಾಡಿನ ಹಾಲಮರಡಿ ವಸ್ತಿಯ ಕನ್ನಡ ಶಾಲೆಗೆ ಮುಖ್ಯ ಮಾಸ್ತರ ಅಂತ ಯಾರೂ ಇರಲಿಲ್ಲ. ಇದ್ದವರು ನಿವೃತ್ತರಾದ ಮೇಲೆ ಇದ್ದ ಇಬ್ಬರಲ್ಲಿ ಹಿರಿಯ ಕೈಲಾಸನೆಂದು ಚಾರ್ಜ್ ಅವನ ಕೊರಳಿಗೆ ಬಿತ್ತು. ಖುರ್ಚಿ ಬಂತು, ಶಿಕ್ಕಾ ಬಂತು, ಜವಾಬ್ದಾರಿಯ ಹದಿನೇಳು ವಹಿಗಳು ಬಂದವು. ಕಪಾಟಿನ ಕೀಲಿಕೈ ಮಾತ್ರ ಶಾಲಾ ಸಮಿತಿಯ ಅಧ್ಯಕ್ಷರಾದ ಶಿವಶರಣಪ್ಪ ಮಾಲಕರ ಉಡದಾರದಲ್ಲೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಕೈಲಾಸನಿಗೆ ಅಂದು ನಗೆ ತರಿಸಿತ್ತು. ಚಾಕ್‌ಪೀಸಿನ ಡಬ್ಬಿ ಬೇಕಾದರೂ ಮಾಲಕರ ತೋಟದ ಮನೆಗೆ ಹೋಗಿ, ಅವರು ಎಲೆ ಅಡಿಕೆ ಹಾಕಿಕೊಳ್ಳುವುದು ಮುಗಿಯುವ ತನಕ ನಿಂತು ಬರಬೇಕು ಎಂದು ತಿಳಿದ ಮೇಲೆ ನಗೆ ನಿಂತಿತು.

ಆದರೆ ಆ ಕೆಂಪು ವಹಿಯ ಮುಂದೆ ಅವನು ಮೂರು ವರ್ಷ ಅರಸನಂತೆ ಕೂತಿದ್ದ. ಹನ್ನೆರಡೂವರೆಗೆ ಅಡುಗೆಯ ಚಂದ್ರಭಾಗಾಬಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಸಣ್ಣ ತಾಟಿನಲ್ಲಿ ಎರಡು ಚಮಚ ಖಿಚಡಿ ತಂದು ಮೇಜಿನ ಮೇಲಿಟ್ಟು ದೂರ ನಿಲ್ಲುವಳು. ಐವತ್ತೈದರ ಹೆಂಗಸು, ಬಡಕಲು ಮೈ, ಒಲೆಯ ಹೊಗೆಗೆ ಕೆಂಪಾದ ಕಣ್ಣು. ಮೊಮ್ಮಗಳು ನಂದಾ ಅದೇ ಶಾಲೆಯ ಮೂರನೆಯ ಇಯತ್ತೆಯಲ್ಲಿದ್ದಳು. ಕೈಲಾಸ ತುತ್ತನ್ನು ಬಾಯಿಗಿಟ್ಟು ಕಣ್ಣೆತ್ತಿ ಅವಳ ಮುಖ ನೋಡುವನು. ಉಪ್ಪು ಕಡಿಮೆಯಾದ ದಿನ ಅವಳ ಕಣ್ಣು ನೆಲಕ್ಕೆ ಇಳಿಯುವುದು, ಸರಿಯಿದ್ದ ದಿನ ಗದ್ದ ತುಸು ಮೇಲಿರುವುದು. "ಉಪ್ಪ ಸ್ವಲ್ಪ ಕಡಿಮಿ ಆತು ಬಾಯಿ" ಎಂದು ಅವನು ಗಂಭೀರವಾಗಿ ಹೇಳಿದರೆ ಅವಳು "ಹೌದ್ರಿ ಸರ" ಎನ್ನುವಳು. ಅವನು 'ಉತ್ತಮ' ಎಂದು ಬರೆದು, ಸಹಿಯ ಕೆಳಗೆ ಎರಡು ಚುಕ್ಕೆ ಇಡುವನು. ಇಡೀ ದಿನದಲ್ಲಿ ಯಾರನ್ನೂ ಕೇಳದೆ ಅವನು ಮಾಡುತ್ತಿದ್ದ ಕೆಲಸ ಅದೊಂದೇ. ಅದನ್ನೂ ಅವನು ಕೇಳಿಯೇ ಮಾಡುತ್ತಿದ್ದ, ಬಾಯಿ ತೆರೆದು ಕೇಳುತ್ತಿರಲಿಲ್ಲ ಅಷ್ಟೆ.

ಹಿಂದಿನ ವಾರದ ಬುಧವಾರ ಅವಳು ತಾಟು ತರುವ ಮೊದಲೇ ಬಂದಿದ್ದಳು. ಕೈಯಲ್ಲಿ ಎಣ್ಣೆಯ ಡಬ್ಬಿ. ಶಾಲೆಯ ಎಣ್ಣೆ ಮುಗಿದಿತ್ತು, ಬರುವ ತನಕ ಇರಲಿ ಎಂದು ಮಾಲಕರೇ ತಮ್ಮ ತೋಟದ ಶೆಡ್ಡಿನಿಂದ ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಕಳಿಸಿದ್ದರು. "ಸರ, ಈ ಎಣ್ಣಿ ನಾತ ಹೊಡೀತದರಿ. ತೊಗರಿಗೆ ಹೊಡ್ಯೂ ಔಷಧದಾಂಗ ಬರ್ತದ. ನೀವ ಒಮ್ಮಿ ನೋಡ್ರಿ" ಎಂದು ಮುಚ್ಚಳ ತೆಗೆದು ಹಿಡಿದಳು. ಶಾಲೆಯ ವರಾಂಡದಲ್ಲಿ ಆಗ ಇನ್ನೊಬ್ಬ ಮಾಸ್ತರನಿದ್ದ, ಮಾಲಕರ ಮನೆಯ ಆಳೂ ಇದ್ದ. ಕೈಲಾಸ ಬಗ್ಗಿ ಮೂಸಿದ. ಗಾಳಿ. ಬರೀ ಗಾಳಿ. ಅವಳ ಮುಖ ಸ್ಪಷ್ಟವಾಗಿ ಹೇಳುತ್ತಿತ್ತು, ಇಡೀ ಮುಖ ಹಿಂಡಿಕೊಂಡಿತ್ತು. ದಿನವೂ ಆ ಮುಖವನ್ನೇ ನಂಬಿದವನು ಅಂದು ಯಾಕೆ ನಂಬಲಿಲ್ಲ? ಒಂಬತ್ತು ದಿನದಿಂದ ಅವನು ತನ್ನನ್ನು ತಾನೇ ಇದನ್ನೇ ಕೇಳಿಕೊಳ್ಳುತ್ತಿದ್ದಾನೆ. ಡಬ್ಬಿ ವಾಪಸು ಕಳಿಸಬೇಕೆಂದರೆ ಮಾಲಕರ ಮುಂದೆ ಹೋಗಿ ನಿಂತು 'ನಿಮ್ಮ ಎಣ್ಣಿ ನಾತ ಹೊಡೀತದ' ಎನ್ನಬೇಕು. ಅವರು 'ಎಲ್ಲಿ, ಎಂಥಾ ನಾತ, ಹೇಳ್ರಿ' ಎಂದರೆ? ಆಗ ಯಾವ ಮುಖ ನೋಡಿ ಹೇಳುವುದು? "ಏನೂ ಇಲ್ಲಲ್ಲ ಬಾಯಿ" ಎಂದ. ಅವಳು ಅಲ್ಲಾಡಲಿಲ್ಲ. "ಸರ, ನಿಮಗ..." ಎಂದು ಏನೋ ಹೇಳಲು ಹೋಗಿ ಅವನ ಕಣ್ಣನ್ನೇ ನೋಡಿದಳು. ಆ ನೋಟದಲ್ಲಿ ಗೊತ್ತಿದೆ ಎನ್ನುವುದು ಇತ್ತೋ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನಿಗೇ ಹಾಗೆ ಕಂಡಿತೋ, ಮೈ ಉರಿದುಹೋಯಿತು. ಮೂರು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಏಕವಚನ ಬಳಸದವನು, "ನಾ ನೋಡೀನಿ. ಮಾಡು ಅಂದ್ರ ಮಾಡು" ಎಂದ.

ಮಾಡಿದಳು. ಅವನೂ ಎರಡು ಚಮಚ ತಿಂದ, ಬರೆದ, ಸಹಿ ಮಾಡಿದ. ಆ ಹೊತ್ತು ತಾಟು ತಂದಿಟ್ಟ ಅವಳ ಮುಖವನ್ನು ಅವನು ಬೇಕೆಂದೇ ನೋಡಲಿಲ್ಲ. ಇಪ್ಪತ್ತಮೂರು ಹಾಜರಿ, ಇಪ್ಪತ್ತೆರಡು ತಾಟು; ಒಂದು ಹುಡುಗಿ ಹೊಟ್ಟೆನೋವೆಂದು ಮೊದಲೇ ಮನೆಗೆ ಹೋಗಿತ್ತು. ಎರಡು ಗಂಟೆಗೆ ಮೊದಲ ವಾಂತಿ. ಮೂರಕ್ಕೆ ಹದಿನಾಲ್ಕು ಮಕ್ಕಳು ವರಾಂಡದಲ್ಲಿ ಸಾಲಾಗಿ ಬಿದ್ದಿದ್ದವು, ಬಾಯಲ್ಲಿ ನೊರೆ, ಕಣ್ಣ ಪಾಪೆ ಸೂಜಿಮೊನೆಯಷ್ಟಾಗಿತ್ತು. ಹದಿಮೂರು ಮಕ್ಕಳು ಮೂರು ದಿನದಲ್ಲಿ ಮನೆಗೆ ಬಂದವು. ಉಳಿದ ಖಿಚಡಿಯನ್ನು ಅದೇ ಸಂಜೆ ಯಾರೋ ಹೊಲದಲ್ಲಿ ಹೂತರು. ಉಳಿದದ್ದು ಡಬ್ಬಿಯಲ್ಲಿದ್ದ ಎಣ್ಣೆ. ಅದನ್ನು ಮಾಲಕರು ಶಾಲೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಅದಕ್ಕೆ ಸೀಲ್ ಹಾಕುವ ಅಧಿಕಾರ ಯಾರದೆಂದು ಮೂರು ಕಚೇರಿಗಳು ಒಂಬತ್ತು ದಿನ ಒಂದಕ್ಕೊಂದು ಪತ್ರ ಬರೆದುಕೊಂಡವು.

ಹದಿನಾಲ್ಕನೆಯ ಮಗು ಛಾಯಾ. ಎರಡನೆಯ ಇಯತ್ತೆ, ಕುರಿ ಕಾಯುವ ಅಂಬಾದಾಸನ ಮಗಳು. ಸೋಲಾಪುರದ ದವಾಖಾನೆಯ ಎರಡನೆಯ ಮಹಡಿಯಲ್ಲಿ ಇನ್ನೂ ಮಲಗಿದ್ದಳು. ಅಕ್ಕಲಕೋಟೆಯ ಬಸ್ಸು ಹಿಡಿಯುವ ಮೊದಲು ಕೈಲಾಸ ಅಲ್ಲಿಗೆ ಹೋದ. ಹೋಗದೆ ಇರಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅಂಬಾದಾಸ ಮೆಟ್ಟಿಲ ಬುಡದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದವನು ಅವನನ್ನು ಕಂಡು ದಡಕ್ಕನೆ ಎದ್ದು ನಿಂತ. ಹಿಂಡನ್ನು ಚಪಳಗಾಂವದ ಹತ್ತಿರ ತಮ್ಮನ ಕೈಗೆ ಬಿಟ್ಟು ಬಂದಿದ್ದ. ಸಾಮಾನು ಏನೂ ಇರಲಿಲ್ಲ, ಬಿರೋಬಾ ದೇವರ ಭಂಡಾರದ, ಅರಿಸಿನ ಪುಡಿಯ, ಒಂದು ಚೀಲ ಬಿಟ್ಟರೆ. "ರಾತ್ರಿ ಉಸರಿನ ನಳಗಿ ತಗದಾರ್ರಿ ಸರ. ಆದ್ರ ಕಣ್ಣ ತಗೀವಲ್ಲಳು. ಡಾಕ್ಟರ ನೋಡೂಣು ಅಂತಾನ" ಎಂದ. ಕೈಲಾಸ ಗಾಜಿನ ಆಚೆಯಿಂದ ನೋಡಿದ. ಹಾಸಿಗೆ ದೊಡ್ಡದಾಗಿ ಹುಡುಗಿ ಸಣ್ಣದಾಗಿ ಕಂಡಳು. ಹಣೆಯ ಮೇಲೆ ಹಚ್ಚಿದ ಭಂಡಾರ ಬಿಳಿ ದಿಂಬಿಗೂ ತಾಗಿತ್ತು. ಎರಡನೆಯ ಇಯತ್ತೆಯ ಈ ಹುಡುಗಿ ಊಟಕ್ಕೆ ಕೂತಾಗ ಪ್ರಾರ್ಥನೆ ಮುಗಿಯುವ ಮೊದಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡು ಕೆನ್ನೆಯಲ್ಲಿ ಅಡಗಿಸಿಡುತ್ತಿದ್ದಳು, ಅವನು ನೋಡಿಯೂ ನೋಡದ ಹಾಗೆ ಇರುತ್ತಿದ್ದ. ಹಿಂದಿನಿಂದ ಅಂಬಾದಾಸ ಕೇಳಿದ, ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು ಕೇಳುವ ಹಾಗೆ: "ಸರ, ನಮ್ಮ ಹುಡುಗಿ ಹೇಳ್ತಿದ್ಲು. ದಿನಾ ಮೊದಲ ನೀವು ಉಣತೀರಂತ, ಆಮ್ಯಾಲ ಹುಡುಗರಿಗೆ ನೀಡ್ತಾರಂತ. ಖರೇನ್ರಿ?" ಕೈಲಾಸ "ಹೌದು" ಎಂದ. ಅದು ಸುಳ್ಳಲ್ಲ. ಅಷ್ಟು ನಿಜವನ್ನು ಅಷ್ಟು ಕಷ್ಟಪಟ್ಟು ಅವನು ಎಂದೂ ಹೇಳಿರಲಿಲ್ಲ.

ಬಸ್ಸು ಕುಂಭಾರಿ ದಾಟುವಾಗ ಫೋನು ಬಂತು. ಶಿವಶರಣಪ್ಪ ಮಾಲಕರು ಎಂದೂ ದನಿ ಏರಿಸಿ ಮಾತಾಡುವವರಲ್ಲ. ಏರಿಸುವ ಅಗತ್ಯ ಅವರಿಗೆ ಬಿದ್ದೇ ಇರಲಿಲ್ಲ. "ಸರ, ನೀವೇನೂ ಗಾಬರಿ ಆಗಬ್ಯಾಡ್ರಿ. ಚೌಕಶಿ ಮ್ಯಾಡಮ್ ಕೇಳ್ತಾಳ. ರುಚಿ ನೋಡೀನಿ, ಬರೋಬರ ಇತ್ತು, ಸಹಿ ಮಾಡೀನಿ, ಇಷ್ಟ ಹೇಳ್ರಿ. ನೀವು ನೋಡೂಮಟಾ ಚಲೋ ಇತ್ತು ಅಂದಮ್ಯಾಲ ಮುಂದ ಕೆಟ್ಟಿದ್ದು ಅಡಗಿ ಖೋಲ್ಯಾಗ. ಮುಚ್ಚದ ಇಟ್ಟಾಳ, ಏನೋ ಬಿದ್ದದ. ಮುದುಕಿಗೆ ಕಣ್ಣ ಮಂಜು. ಅಕೀನ್ನ ತಗದ ಹಾಕಿದ್ರ ಮುಗೀತು." ಕೈಲಾಸ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಖಾಯಂ ಮುಖ್ಯಾಧ್ಯಾಪಕ ಮಾಡ್ರಿ ಅಂತ ನಿಮ್ಮ ಹೆಸರ ನಾನ ಕೊಟ್ಟೀನಿ. ನೆನಪಿರಲಿ" ಎಂದು ಫೋನಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಾನು ಎತ್ತೋ, ಜ್ವರವೋ, ಬರೆ ಹಾಕುವ ಕೈಯೋ ಎಂದು ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಅಕ್ಕಲಕೋಟೆಯ ಸ್ವಾಮಿಗಳಿಗೆಂದು ಒಯ್ಯುತ್ತಿದ್ದ ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಲ್ಲಿಗೆ. ಅದು ಬೆಳ್ಳಗಿತ್ತು, ತೇವವಾಗಿತ್ತು, ಅಷ್ಟೆ. ಅವನಿಗೆ ಹಠಾತ್ತನೆ ಅಳು ಬಂತು. ಜವಾಬ್ದಾರಿ ತನ್ನದು, ಕೀಲಿಕೈ ಮಾಲಕರದು, ಮೂಗು ಚಂದ್ರಭಾಗಾಬಾಯಿಯದು. ಮೂರೂ ಒಂದೇ ಮೈಯಲ್ಲಿದ್ದಿದ್ದರೆ ಛಾಯಾ ಇವತ್ತು ಕೆನ್ನೆಯಲ್ಲಿ ತುತ್ತು ಅಡಗಿಸಿಕೊಂಡು ಕೂತಿರುತ್ತಿದ್ದಳು. ವಳಸಂಗ ಬರುವುದರೊಳಗೆ ಅವನು ಗಟ್ಟಿ ಮಾಡಿಕೊಂಡ: ಎಣ್ಣೆ ನಾತ ಹೊಡೆಯುತ್ತಿತ್ತು, ಬಾಯಿ ಹೇಳಿದಳು, ನಾನು ಕೇಳಲಿಲ್ಲ ಎಂದು ಹೇಳುತ್ತೇನೆ. ನೌಕರಿ ಹೋದರೆ ಹೋಗಲಿ. ಮೂಗಿನ ಮಾತು ಮಾತ್ರ ಬೇಡ. ಅದನ್ನು ಹೇಳಿದರೆ ಮೂರು ವರ್ಷದ ಪ್ರತಿ ದಿನವೂ ಸುಳ್ಳಾಗುತ್ತದೆ, ಮನೆಯಲ್ಲಿ ನಾಲ್ಕು ವರ್ಷದ ಪ್ರತಿ ಊಟವೂ. ತಪ್ಪು ಮಾಡಿದವನೆಂದು ಅನ್ನಿಸಿಕೊಳ್ಳಬಹುದು, ಕೈಲಾಗದವನೆಂದು ಅನ್ನಿಸಿಕೊಳ್ಳುವುದು ಹೇಗೆ?

ಕಚೇರಿಯ ಹಿಂದಿನ ಕೋಣೆಯಲ್ಲಿ ಒಂದು ಉದ್ದ ಮೇಜಿತ್ತು. ಚೌಕಶಿಗೆ ಬಂದ ಮ್ಯಾಡಮ್ ಗಡಿಯ ಊರು ಮರವಡೆಯಲ್ಲಿ ಹುಟ್ಟಿದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಕಾರಕೂನ. ಮಾಲಕರು ಬಿಳಿ ಧೋತರದ ಮೇಲೆ ಕೈಯಿಟ್ಟುಕೊಂಡು ಖುರ್ಚಿಯಲ್ಲಿ, ಕೈಲಾಸ ಬೆಂಚಿನ ಮೇಲೆ, ಚಂದ್ರಭಾಗಾಬಾಯಿ ಗೋಡೆಗೆ ಆನಿಸಿ ನೆಲದ ಮೇಲೆ. ಯಾರೂ ಯಾರಿಗೂ ಹೀಗೆ ಕೂತುಕೊಳ್ಳಿರೆಂದು ಹೇಳಿರಲಿಲ್ಲ. ಮ್ಯಾಡಮ್ ಕೆಂಪು ವಹಿಯ ಹಾಳೆಗಳನ್ನು ತಿರುವುತ್ತ ಹೋದರು. ಉತ್ತಮ, ಉತ್ತಮ, ಉತ್ತಮ. "ಮೂರು ವರ್ಷದಾಗ ಒಂದು ದಿನಾನೂ ಖಿಚಡಿ ಕೆಟ್ಟಿಲ್ಲೇನ್ರಿ ಸರ?" ಎಂದು ಅವರು ಕೇಳಿದಾಗ ಕಾರಕೂನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆಮೇಲೆ ಅವರು ಮೇಜಿನ ಮೇಲಿದ್ದ ಡಬ್ಬಿಯನ್ನು ಮುಂದಕ್ಕೆಳೆದರು. ಮಾಲಕರೇ ಬೆಳಿಗ್ಗೆ ಕಪಾಟು ತೆಗೆದು ತಂದಿದ್ದರು. ಸೀಲ್ ಹಾಕಿ ಪುಣೆಗೆ ಕಳಿಸುವ ಮೊದಲು ಎಲ್ಲರ ಎದುರು ಪಂಚನಾಮೆ ಆಗಬೇಕಿತ್ತು. "ಇದ ಡಬ್ಬಿ ಹೌದಲ್ರಿ ಸರ? ನೋಡಿ ಹೇಳ್ರಿ" ಎಂದು ಮುಚ್ಚಳ ತೆಗೆದರು.

ಕೈಲಾಸ ಎದ್ದು ಹೋದ. ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡ ಮಾತು ಗಂಟಲಲ್ಲಿತ್ತು. ಯಾರ ಮುಖವನ್ನಾದರೂ ನೋಡಿದರೆ ಅದು ಕರಗಿಹೋಗುತ್ತದೆ ಎಂದು ಹೆದರಿ ಯಾರನ್ನೂ ನೋಡಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ, ಯಾವ ಮುಖದ ಅಪ್ಪಣೆಯೂ ಇಲ್ಲದೆ, ಬಗ್ಗಿ ಡಬ್ಬಿಗೆ ಮೂಗಿಟ್ಟು, ಎದೆ ತುಂಬ ಎಳೆದುಕೊಂಡು, ಮುಖ ಹಿಂಡಿದ. "ಇದ ರೀ ಮ್ಯಾಡಮ್. ಇದ ನಾತ. ಔಷಧದ ನಾತ. ಬಾಯಿಯವರು ಅವತ್ತ ನನಗ ಹೇಳಿದ್ರು. ನಾನ ಕೇಳಲಿಲ್ಲ. ಅವರದೇನೂ ತಪ್ಪಿಲ್ರಿ, ಮಾಡು ಅಂದಾವ ನಾನ." ಹೇಳಿ ಮುಗಿಸಿದ ಮೇಲೆ ಎದೆ ಹಗುರಾಯಿತು. ಆಗ ಕಣ್ಣೆತ್ತಿ ನೋಡಿದ. ಮ್ಯಾಡಮ್ ಮೂಗು ಮುರಿದಿರಲಿಲ್ಲ. ಕಾರಕೂನ ಮೂಗು ಮುರಿದಿರಲಿಲ್ಲ. ಮಾಲಕರ ಮುಖ ತೊಳೆದಿಟ್ಟ ತಾಟಿನಂತಿತ್ತು. ಮ್ಯಾಡಮ್ ಡಬ್ಬಿಯನ್ನು ತಮ್ಮ ಕಡೆಗೆ ಎಳೆದು ಮೂಸಿದರು, ಬೆರಳು ಅದ್ದಿ ಮೂಸಿದರು. "ಸರ, ಇದು ಚಲೋ ಎಣ್ಣಿ ಅದ. ಎಂಥಾ ನಾತ ಅಂತೀರಿ?"

ಮಾಲಕರು ಸಣ್ಣಗೆ ನಕ್ಕರು. "ಸರರಿಗೆ ಬಾಯಿ ಮ್ಯಾಲ ಕಾಳಜಿ ಭಾಳ ಮ್ಯಾಡಮ್. ಅಕೀನ್ನ ಉಳಸಾಕ ಹೋಗಿ ನಾತ ಇಲ್ದಲ್ಲಿ ನಾತ ಹುಟ್ಟಸಾಕತ್ತಾರ. ಇಬ್ರೂ ಕೂಡಿ ಹಿಂಗ ಹೇಳೂಣು ಅಂತ ಮೊದಲ ಮಾತಾಡ್ಕೊಂಡಾರ ಕಾಣ್ತದ." ಕಾರಕೂನ ಅದನ್ನೂ ಬರೆದುಕೊಳ್ಳತೊಡಗಿದ. ಕೈಲಾಸನಿಗೆ ಆಗ ಹೊಳೆಯಿತು. ಡಬ್ಬಿ ಅದೇ ಇರಬಹುದು, ಅಂಥದೇ ಇನ್ನೊಂದಿರಬಹುದು, ಎಣ್ಣೆ ಅದಲ್ಲ. ಕೀಲಿಕೈ ಒಂಬತ್ತು ದಿನ ಯಾರ ಉಡದಾರದಲ್ಲಿತ್ತೋ ಅವರಿಗೆ ಗೊತ್ತು. ಕೋಣೆಯಲ್ಲಿ ಇದ್ದ ಎಲ್ಲರಿಗೂ ಮೂಸಿದರೆ ತಿಳಿಯುವ ಮಾತು ತನಗೊಬ್ಬನಿಗೆ ತಿಳಿಯಲಿಲ್ಲ. ಜನ್ಮದಲ್ಲಿ ಒಮ್ಮೆ ತೋರಿಸಿದ ಧೈರ್ಯ ಅವಳ ಕೊರಳಿಗೇ ಉರುಳಾಗಿ ಬಿತ್ತು. ಗೋಡೆಯ ಬುಡದಲ್ಲಿ ಚಂದ್ರಭಾಗಾಬಾಯಿ ಎರಡೂ ಅಂಗೈಯನ್ನು ನೆಲಕ್ಕೆ ಊರಿ ಅವನನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ ಇನ್ನು ಅವಳು ಏನು ಹೇಳಿದರೂ ಸುಳ್ಳೇ. ಒಂದೇ ಒಂದು ಮಾತು ಉಳಿದಿತ್ತು.

"ಮ್ಯಾಡಮ್, ನನಗ ವಾಸನಿ ತಿಳಿಯಂಗಿಲ್ರಿ." ಯಾರಿಗೂ ಕೇಳಿಸಲಿಲ್ಲವೋ ಎಂಬಂತೆ ಇನ್ನೊಮ್ಮೆ ಹೇಳಿದ. "ರುಚಿನೂ ತಿಳಿಯಂಗಿಲ್ಲ. ಕರೋನಾದಾಗ ಹೋತು. ತಿರುಗಿ ಬರಲಿಲ್ಲ. ಈ ವಹ್ಯಾಗ ಇರೂವು ಎಲ್ಲಾ ಸುಳ್ಳ ಸಹಿ."

ಮಾಲಕರು ಈ ಸಲ ಗಟ್ಟಿಯಾಗಿಯೇ ನಕ್ಕರು. "ಇನ್ನೊಂದು ಶುರು ಆತು ನೋಡ್ರಿ. ತಿಳಿಯಂಗಿಲ್ಲ ಅನ್ನಾಕ ಏನ ಕಷ್ಟ? ನಾನೂ ಅಂತೀನಿ." ಮ್ಯಾಡಮ್ ವಹಿ ಮುಚ್ಚಿದರು. ಎದ್ದು ಬಾಗಿಲಿಗೆ ಹೋಗಿ ಸಿಪಾಯಿಗೆ ಏನೋ ಹೇಳಿ ಬಂದರು. "ಸರ, ನಿಮಗ ಭಾಳ ಬೆವರ ಬಂದದ. ಮೊದಲ ಚಾ ಕುಡೀರಿ. ಆಮ್ಯಾಲ ಜಬಾಬ ಬರಕೊಳ್ಳೂಣು" ಎಂದರು. ಒಂದು ಗಾಜಿನ ಗ್ಲಾಸಿನಲ್ಲಿ ಚಹಾ ಬಂತು, ಅವನೊಬ್ಬನಿಗೇ. ಆ ದಯೆಗೆ ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿಸಿಯಿತ್ತು. ಊದಿ ಊದಿ ಕುಡಿದ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ ಎನ್ನುವುದು ಆಗ ನೆನಪಾಯಿತು. ಅರ್ಧ ಮುಗಿಸಿ ತಲೆಯೆತ್ತಿದಾಗ ಕೋಣೆಯಲ್ಲಿ ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಸಿಪಾಯಿ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. "ಚಾ ಚಲೋ ಆಗ್ಯಾದೇನ್ರಿ?" ಎಂದು ಮ್ಯಾಡಮ್ ಮೆಲ್ಲಗೆ ಕೇಳಿದರು. "ಚಲೋ ಆಗ್ಯಾದ್ರಿ" ಎಂದ. ಅವರು ಗ್ಲಾಸನ್ನು ಅವನ ಕೈಯಿಂದ ತೆಗೆದು ಮಾಲಕರ ಮುಂದಿಟ್ಟರು. "ನೀವು ಒಂದು ಗುಟುಕ ಕುಡೀರಿ ಅಧ್ಯಕ್ಷರ." ಮಾಲಕರು ಸೊಟ್ಟ ನಗುತ್ತ ಎತ್ತಿ ತುಟಿಗಿಟ್ಟವರು ಒಮ್ಮೆಲೇ ತಮ್ಮ ಬಿಳಿ ಧೋತರದ ಮೇಲೇ ಉಗುಳಿಕೊಂಡರು. ಅದರಲ್ಲಿ ಮುಷ್ಟಿ ಉಪ್ಪು ಹಾಕಿತ್ತು. ಯಾರೂ ನಗಲಿಲ್ಲ. ಕೈಲಾಸನಿಗೆ ತಾನು ಎಲ್ಲರ ನಡುವೆ ಬಟ್ಟೆಯಿಲ್ಲದೆ ನಿಂತ ಹಾಗೆ ಅನ್ನಿಸಿತು.

"ಬಾಯಿ, ನೀವ ಬರ್ರಿ ಇಲ್ಲಿ" ಎಂದರು ಮ್ಯಾಡಮ್. ಚಂದ್ರಭಾಗಾಬಾಯಿ ಎದ್ದು ಬಂದು ಡಬ್ಬಿಯನ್ನು ಮುಟ್ಟದೆ ದೂರದಿಂದಲೇ ಮೂಸಿದಳು. "ಇದು ಅಂಗಡಿದು ಹೊಸಾ ಎಣ್ಣಿ ರೀ. ಅವತ್ತಿಂದಲ್ಲ. ಅವತ್ತಿನ ಡಬ್ಬಿ ಔಷಧ ತುಂಬಿಟ್ಟಿದ್ದು ತೊಳದು ಮತ್ತ ಎಣ್ಣಿ ಹಾಕಿದ್ದಿತ್ರಿ. ಎಷ್ಟ ತೊಳದ್ರೂ ಆ ನಾತ ಹೋಗಂಗಿಲ್ಲ." ಮಾಲಕರು "ಅಡಗಿ ಮಾಡಾಕಿ ಮಾತಿಗೆ..." ಎಂದು ಶುರುಮಾಡಿದರು, ಮ್ಯಾಡಮ್ "ಕಪಾಟದ ಕೀಲಿಕೈ ಯಾರ ಹಂತ್ಯಾಕ ಇತ್ತು?" ಎಂದು ಕೇಳಿದರು. ಎಲ್ಲರ ಕಣ್ಣೂ ಮಾಲಕರ ಉಡದಾರದ ಕಡೆ ಹೋಯಿತು. ತೋಟದ ಶೆಡ್ಡನ್ನು ಇವತ್ತೇ ನೋಡಬೇಕೆಂದು ಅವರು ಪೊಲೀಸರಿಗೆ ಫೋನು ಮಾಡಿದರು. ಮಾಲಕರು ತಮ್ಮ ಫೋನು ಹಿಡಿದು ಹೊರಗೆ ಹೋದರು. ಮ್ಯಾಡಮ್ ಕೈಲಾಸನ ಕಡೆ ತಿರುಗಿ, "ನೀವು ಸಸ್ಪೆಂಡ್ ಆಗ್ತೀರಿ ಸರ. ತಿಳೀತಲ್ಲ? ಬಾಯಿಯವರ ಮ್ಯಾಲ ಏನೂ ಬರಂಗಿಲ್ಲ. ಜಬಾಬ ಬರದು ಮುಗೀಲಿ, ಸಹಿ ಮಾಡಿ ಹೋಗ್ರಿ" ಎಂದರು. ಅವನು ಕೈಮುಗಿದ.

ಹೊರಗೆ ಬೇವಿನ ಮರದ ಕೆಳಗೆ ಒಂದು ನಲ್ಲಿಯಿತ್ತು. ಕೈಲಾಸ ಬಾಯಿ ತೊಳೆದುಕೊಂಡ, ತೊಳೆಯುವಂಥದೇನೂ ಅವನಿಗೆ ತಿಳಿಯದಿದ್ದರೂ. ನೌಕರಿ ಹೋಗುತ್ತದೆ, ಸಂಜೆ ಮನೀಷಾಳಿಗೆ ಹೇಳಬೇಕು. ಬಹುಶಃ ಅವಳಿಗೆ ಗೊತ್ತೇ ಇದೆ. ಬೆಳಿಗ್ಗೆ ಹಾಲಿನ ಪಾತೇಲಿ ಹಿಡಿದು ಒಂದು ಗಳಿಗೆ ನಿಂತದ್ದು ಅದಕ್ಕೇ. ಆದರೂ ಒಳಗೆ ಎಲ್ಲೋ ಒಂದು ಹಗುರ ಇತ್ತು, ಒಬ್ಬರನ್ನಾದರೂ ಉಳಿಸಿದೆ ಎನ್ನುವ ಹಗುರ. ಚಂದ್ರಭಾಗಾಬಾಯಿ ಮರದ ಬುಡದಲ್ಲಿ ಕೂತಿದ್ದಳು. ಅವನು ಹತ್ತಿರ ಹೋಗಿ ನಿಂತು ಕೇಳಿದ, "ನಿಮಗ ಯಾವಾಗಿಂದ ಗೊತ್ತಿತ್ತು ಬಾಯಿ?"

"ಮೊದಲನೇ ವರ್ಷನ ರೀ. ಒಂದಿನಾ ಶಿರಾಕ್ಕ ಸಕ್ಕರಿ ಹಾಕೂದ ಮರ್ತಿದ್ದೆ. ನೀವು ಸಿಹಿ ಬರೋಬರ ಆಗ್ಯಾದ ಅಂದ್ರಿ. ಅವತ್ತಿಂದ ನಾ ಅಡಗಿ ಖೋಲ್ಯಾಗನ ಉಪ್ಪು ಖಾರಾ ನೋಡಿ, ನಿಮ್ಮ ಮುಂದ ನಿಲ್ತಿದ್ದೆ. ನೀವು ನನ್ನ ಮಾರಿ ನೋಡ್ತೀರಿ ಅಂತ ತಿಳಿದಿತ್ತು."

ಅವನಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಯಾರಿಗೂ ಯಾಕ ಹೇಳಲಿಲ್ಲ?"

"ಹೇಳಿ ಏನ ಮಾಡ್ಲಿ ರೀ. ನೀವು ಹೋದ್ರ ಇನ್ನೊಬ್ರು ಬರ್ತಾರ. ಅವರಿಗೆ ನಾಲಿಗಿ ಇರ್ತದ, ಮನಸ್ಸ ಇರ್ತದೋ ಇಲ್ಲೋ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತುವುದು, ಬಿಚ್ಚುವುದು. "ಸರ, ನನ್ನ ಮ್ಯಾಲ ಏನೂ ಬರಂಗಿಲ್ಲ ಅಂದ್ರಲ್ಲ ಮ್ಯಾಡಮ್" ಎಂದಳು. "ಬರಂಗಿಲ್ಲ" ಎಂದ. "ಬರಬೇಕ್ರಿ" ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ತಲೆಯೆತ್ತಲಿಲ್ಲ. "ನಮ್ಮ ನಂದಾಗ ನಾ ಅವತ್ತ ಹೊಟ್ಟಿನೋವ ಅಂತ ಹೇಳಿ ಮನೀಗ ಹೋಗು ಅಂದಿದ್ದೆ. ಇಲ್ಲಿ ಉಣಬ್ಯಾಡ ಅಂದಿದ್ದೆ. ಆಮ್ಯಾಲ ಬಂದು ಉಳಿದವರಿಗೆ ನೀಡಿದೆ. ಛಾಯಾ ಎರಡನೇ ಸಲ ಕೇಳಿದ್ಲು. ಮತ್ತೂ ನೀಡಿದೆ." ಆಮೇಲೆ ತನಗೇ ಹೇಳಿಕೊಳ್ಳುವಂತೆ ಅಂದಳು: "ನೀವು ಮಾಡು ಅಂದ್ರಿ. ಸಹಿ ನಿಮ್ಮದಿತ್ತು."

ಹಾಜರಿ ಇಪ್ಪತ್ತಮೂರು, ತಾಟು ಇಪ್ಪತ್ತೆರಡು. ಅವನೇ ಎಣಿಸಿದ್ದ, ಅವನೇ ಬರೆದಿದ್ದ. ಕಡಿಮೆಯಾದ ಆ ಒಂದು ತಾಟು ನಂದಾಳದು. ಅವಳಿಗೆ ಅಷ್ಟು ಖಚಿತವಾಗಿ ಗೊತ್ತಿತ್ತು. ಒಂದು ಮಗುವನ್ನು ಉಳಿಸುವಷ್ಟು ಗೊತ್ತಿತ್ತು, ಪಾತ್ರೆಯನ್ನು ಚೆಲ್ಲುವಷ್ಟು ಧೈರ್ಯ ಇರಲಿಲ್ಲ. ಧೈರ್ಯ ಎಲ್ಲಿಂದ ಬರಬೇಕು? ಚೆಲ್ಲಿದ್ದರೆ ಆ ಮಧ್ಯಾಹ್ನವೇ ಅವಳ ಕೆಲಸ ಹೋಗುತ್ತಿತ್ತು, ತೆಗೆದು ಹಾಕುವವನು ತಾನೇ ಆಗಿರುತ್ತಿದ್ದ. ಬಯ್ಯಬೇಕೆಂದು ಬಾಯಿ ತೆರೆದವನಿಗೆ ಯಾವ ಬಾಯಿಂದ ಬಯ್ಯುವುದು ಎಂದು ತಿಳಿಯಲಿಲ್ಲ. ಅವಳನ್ನು ಕ್ಷಮಿಸಬೇಕೆಂದುಕೊಂಡ, ಕ್ಷಮಿಸಲು ತಾನು ಯಾರು? ಅದು ದವಾಖಾನೆಯ ಮೆಟ್ಟಿಲ ಬುಡದಲ್ಲಿ ಕಂಬಳಿ ಹಾಸಿ ಕೂತವನ ಮಾತು. ದಿನಾ ಮೊದಲ ನೀವು ಉಣತೀರಂತ, ಖರೇನ್ರಿ?

"ಮಾಸ್ತರ್, ಒಳಗ ಬರ್ರಿ, ಸಹಿ ಮಾಡ್ರಿ" ಎಂದು ಸಿಪಾಯಿ ಕೂಗಿದ. ಇಬ್ಬರೂ ಒಳಗೆ ಹೋದರು. ಜಬಾಬು, ಅಂದರೆ ಅವನ ಹೇಳಿಕೆ, ಎರಡು ಹಾಳೆ ಆಗಿತ್ತು. ಕಾರಕೂನ ಓದಿ ಹೇಳಿದ: ಅಡುಗೆಯ ಬಾಯಿ ವಾಸನೆಯ ಬಗ್ಗೆ ಎಚ್ಚರಿಸಿದ್ದು, ಪ್ರಭಾರಿ ಮುಖ್ಯಾಧ್ಯಾಪಕರು ನಿರ್ಲಕ್ಷಿಸಿದ್ದು, ಆಕೆ ನಿರುಪಾಯಳಾಗಿ ಅಡುಗೆ ಮಾಡಿದ್ದು. ಮ್ಯಾಡಮ್ ಪೆನ್ನು ಮುಂದೆ ಹಿಡಿದರು. "ಇದರಾಗ ಬರದದ್ದೆಲ್ಲಾ ಬರೋಬರ ಅದಲ್ರಿ ಸರ? ಇನ್ನೇನರೆ ಸೇರಸೂದದೇನು?"

ಕೈಲಾಸ ಪೆನ್ನು ಹಿಡಿದುಕೊಂಡು, ಮೂರು ವರ್ಷದ ರೂಢಿಯಂತೆ, ತಲೆಯೆತ್ತಿ ಚಂದ್ರಭಾಗಾಬಾಯಿಯ ಮುಖ ನೋಡಿದ. ಕಣ್ಣು ನೆಲಕ್ಕೆ ಇಳಿದಿರಲಿಲ್ಲ, ಗದ್ದ ಮೇಲೆದ್ದಿರಲಿಲ್ಲ. ಆ ಮುಖ ಅವನಿಗೆ ಏನನ್ನೂ ಹೇಳಲಿಲ್ಲ. ಬೇಕಾದ್ದು ಮಾಡಿಕೋ ಎನ್ನುವಂತೆ ಅವಳು ಸುಮ್ಮನೆ ನಿಂತಿದ್ದಳು.

"ಏನೂ ಇಲ್ರಿ" ಎಂದು ಅವನು ಸಹಿ ಮಾಡಿದ. ಕೆಳಗೆ ಎರಡು ಚುಕ್ಕೆ ಇಟ್ಟ.